ಸಿನ್ಸಿನಾಟಿಯಲ್ಲಿ ದೊಡ್ಡ ವಿಮಾನಗಳ ಜಾಗಕ್ಕೆ ಬಂದ ಐವತ್ತು ಸೀಟಿನ ಜೆಟ್: ಒಂದು ಸೇವಾ ವಿಮರ್ಶೆ

ಸಿನ್ಸಿನಾಟಿ ನಗರವಿರುವುದು ಒಹಾಯೊ ರಾಜ್ಯದಲ್ಲಿ. ಅದರ ವಿಮಾನ ನಿಲ್ದಾಣವಿರುವುದು ನದಿಯಾಚೆಯ ಕೆಂಟಕಿ ರಾಜ್ಯದ ಹೆಬ್ರನ್‌ನಲ್ಲಿ. 1980ರ ದಶಕದ ನಡುಭಾಗದಿಂದ ಡೆಲ್ಟಾ ಏರ್‌ಲೈನ್ಸ್ ಈ ನಿಲ್ದಾಣವನ್ನು ತನ್ನ ದೊಡ್ಡ ಹಬ್‌ಗಳಲ್ಲೊಂದಾಗಿ ಬೆಳೆಸಿತು; 2005ರ ಕೊನೆಯಿಂದ ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತ ಹೋಯಿತು. ಅನೇಕ ಮಾರ್ಗಗಳಲ್ಲಿ ಈ ಕುಗ್ಗುವಿಕೆ ರದ್ದತಿಯ ಪ್ರಕಟಣೆಯೊಂದಿಗೆ ಶುರುವಾಗಲಿಲ್ಲ. ನೂರನಲವತ್ತು ಸೀಟಿನ ವಿಮಾನ ಹೋಗುತ್ತಿದ್ದ ಊರಿಗೆ ಐವತ್ತು ಸೀಟಿನ ವಿಮಾನ ಹೋಗತೊಡಗಿತು, ವೇಳಾಪಟ್ಟಿಯಲ್ಲಿ ಊರಿನ ಹೆಸರು ಹಾಗೆಯೇ ಉಳಿಯಿತು, ಕೆಲವು ಕಾಲದ ನಂತರ ಆ ಹೆಸರೂ ಅಳಿಸಿಹೋಯಿತು. ಹೀಗೆ ದೊಡ್ಡ ಜೆಟ್‌ಗಳ ಬದಲಿಗೆ ಬಂದ ಸಣ್ಣ ಜೆಟ್‌ಗಳ ಸೇವೆಯನ್ನು ಪ್ರಯಾಣಿಕರ ಕಡೆಯಿಂದ ಅಳೆದು ನೋಡುವುದು ಈ ಬರಹದ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಣ್ಣ ಜೆಟ್ ತನ್ನಷ್ಟಕ್ಕೆ ಕೆಟ್ಟ ವಿಮಾನವಲ್ಲ. ಆದರೆ ಅದು ಯಾವುದರ ಜಾಗಕ್ಕೆ ಬಂದಿದೆ ಎಂಬುದನ್ನು ನೋಡದೆ ಅದರ ಸೇವೆಗೆ ಬೆಲೆ ಕಟ್ಟಲು ಬರುವುದಿಲ್ಲ.

ಹಬ್ ಎಂಬ ವ್ಯವಸ್ಥೆಯನ್ನು ನಮ್ಮ ಓದುಗರಿಗೆ ವಿವರಿಸಲು ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ನೆನೆದರೆ ಸಾಕು. ಕೋಲಾರದಿಂದ ಬಂದವರು ಅಲ್ಲಿ ಇಳಿದು ಶಿವಮೊಗ್ಗದ ಬಸ್ ಹತ್ತುತ್ತಾರೆ. ಕೋಲಾರದಿಂದ ಶಿವಮೊಗ್ಗಕ್ಕೆಂದೇ ಹೊರಡುವವರು ಒಂದು ಬಸ್ಸಿಗಾಗುವಷ್ಟು ಇರಲಾರರು, ಆದರೆ ಎಲ್ಲ ಊರಿನವರೂ ಒಂದೆಡೆ ಕೂಡಿದಾಗ ಪ್ರತಿ ಬಸ್ಸೂ ತುಂಬುತ್ತದೆ. ಸಿನ್ಸಿನಾಟಿಯಲ್ಲಿ ಡೆಲ್ಟಾ ನಡೆಸಿದ್ದು ಇದನ್ನೇ. ಹತ್ತಾರು ವಿಮಾನಗಳು ಸ್ವಲ್ಪ ಹೊತ್ತಿನ ಅಂತರದಲ್ಲಿ ಒಟ್ಟಾಗಿ ಬಂದಿಳಿಯುತ್ತಿದ್ದವು, ಪ್ರಯಾಣಿಕರು ಗೇಟಿನಿಂದ ಗೇಟಿಗೆ ಬದಲಾಗುತ್ತಿದ್ದರು, ಒಂದೂವರೆ ಗಂಟೆಯೊಳಗೆ ಅವೇ ವಿಮಾನಗಳು ಬೇರೆ ಬೇರೆ ದಿಕ್ಕಿಗೆ ಹೊರಟುಬಿಡುತ್ತಿದ್ದವು. ಆ ಜನಸಂದಣಿಯಿಂದಾಗಿ ಮಧ್ಯಮ ಗಾತ್ರದ ಈ ನಗರಕ್ಕೆ ತನ್ನ ಜನಸಂಖ್ಯೆಗೆ ಮೀರಿದಷ್ಟು ನೇರ ವಿಮಾನಗಳು ದೊರೆತವು; ಲಂಡನ್, ಪ್ಯಾರಿಸ್, ಫ್ರಾಂಕ್‌ಫರ್ಟ್‌ಗಳಿಗೂ ಇಲ್ಲಿಂದಲೇ ಹತ್ತಿ ಹೋಗಬಹುದಾಗಿತ್ತು. ಪ್ರಾಕ್ಟರ್ ಅಂಡ್ ಗ್ಯಾಂಬಲ್, ಜನರಲ್ ಎಲೆಕ್ಟ್ರಿಕ್‌ನ ವಿಮಾನ ಎಂಜಿನ್ ವಿಭಾಗ ಮುಂತಾದ ಇಲ್ಲಿನ ದೊಡ್ಡ ಸಂಸ್ಥೆಗಳಿಗೆ ಇದು ಬಹುದೊಡ್ಡ ಅನುಕೂಲವಾಗಿತ್ತು.

ಸಣ್ಣ ಜೆಟ್‌ನ ಇತಿಹಾಸವೂ ಇದೇ ನಿಲ್ದಾಣದೊಂದಿಗೆ ಬೆಸೆದುಕೊಂಡಿದೆ. 1977ರಲ್ಲಿ ಸಿನ್ಸಿನಾಟಿಯಲ್ಲಿಯೇ ಹುಟ್ಟಿದ ಕೊಮೇರ್ ಎಂಬ ಕಂಪನಿ ಡೆಲ್ಟಾದ ಪರವಾಗಿ ಸುತ್ತಲಿನ ಊರುಗಳಿಗೆ ಪ್ರೊಪೆಲ್ಲರ್ ವಿಮಾನಗಳನ್ನು ನಡೆಸುತ್ತಿತ್ತು. ಕೆನಡಾದ ಬೊಂಬಾರ್ಡಿಯರ್ ಕಂಪನಿಯ ಐವತ್ತು ಸೀಟಿನ ಸಿಆರ್‌ಜೆ ವಿಮಾನವನ್ನು 1993ರಲ್ಲಿ ಅಮೆರಿಕಕ್ಕೆ ಮೊದಲು ತಂದದ್ದು ಈ ಕಂಪನಿಯೇ. ಮೂವತ್ತು ಸೀಟಿನ ಬ್ರೆಸಿಲಿಯಾ, ಅದಕ್ಕಿಂತ ಕೊಂಚ ದೊಡ್ಡದಾದ ಸಾಬ್ 340ರಂಥ ಪ್ರೊಪೆಲ್ಲರ್ ವಿಮಾನಗಳ ಸದ್ದು ಮತ್ತು ಕುಲುಕಾಟಗಳಿಗೆ ಒಗ್ಗಿಹೋಗಿದ್ದವರಿಗೆ ಜೆಟ್ ವಿಮಾನ ನಿಜಕ್ಕೂ ಬಡ್ತಿಯೇ ಆಗಿತ್ತು. ಅದು ಮೋಡಗಳ ಮೇಲೆ ಹಾರುತ್ತಿತ್ತು, ಹೊತ್ತು ಉಳಿಸುತ್ತಿತ್ತು, ಎರಡು ಗಂಟೆಗೂ ಹೆಚ್ಚು ದೂರದ ಊರುಗಳನ್ನು ಮುಟ್ಟುತ್ತಿತ್ತು. ದೊಡ್ಡ ವಿಮಾನವನ್ನು ಎಂದೂ ಕಾಣದ ಊರುಗಳಿಗೆ ಅದು ಹೊಸ ದಾರಿ ತೆರೆಯಿತು. ಈ ಮೊದಲ ಹಂತದ ಸೇವೆಯನ್ನು ಮೆಚ್ಚದಿರಲು ನನಗೆ ಕಾರಣ ಕಾಣುವುದಿಲ್ಲ.

2000ದ ಆರಂಭದಲ್ಲಿ ಡೆಲ್ಟಾ ಕೊಮೇರ್ ಕಂಪನಿಯನ್ನು ಪೂರ್ತಿಯಾಗಿ ಕೊಂಡುಕೊಂಡಿತು. ಮರುವರ್ಷ ಪೈಲಟ್‌ಗಳು ನಡೆಸಿದ 89 ದಿನಗಳ ಮುಷ್ಕರ, ಸಣ್ಣ ಜೆಟ್‌ಗಳ ಮೇಲೆ ಈ ಹಬ್ ಎಷ್ಟು ಆತುಕೊಂಡಿದೆ ಎಂಬುದನ್ನು ತೋರಿಸಿಕೊಟ್ಟಿತು. 2005ರ ಆರಂಭದಲ್ಲಿ ಡೆಲ್ಟಾ ತನ್ನ ಡಾಲಸ್ ಹಬ್ ಮುಚ್ಚಿ ಅಲ್ಲಿನ ವಿಮಾನಗಳಲ್ಲಿ ಕೆಲವನ್ನು ಇಲ್ಲಿಗೆ ತಂದಾಗ ಸಿನ್ಸಿನಾಟಿ ತನ್ನ ತುತ್ತತುದಿಯನ್ನು ಮುಟ್ಟಿತು. ದಿನಕ್ಕೆ ಆರುನೂರಕ್ಕೂ ಹೆಚ್ಚು ವಿಮಾನಗಳು ಹೊರಡುತ್ತಿದ್ದ ಆ ವರ್ಷ ನಿಲ್ದಾಣವನ್ನು ಬಳಸಿದವರು ಸುಮಾರು 2.28 ಕೋಟಿ ಪ್ರಯಾಣಿಕರು. ಅದೇ ಸೆಪ್ಟೆಂಬರ್ 14ರಂದು ಡೆಲ್ಟಾ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. ಡಿಸೆಂಬರ್‌ನಲ್ಲಿ ಇಲ್ಲಿನ ಹಾರಾಟವನ್ನು ಕಾಲು ಭಾಗಕ್ಕೂ ಹೆಚ್ಚು ಕಡಿತಗೊಳಿಸಿತು. ಬೆಳೆಯುತ್ತಲೇ ಇರುವ ಹಬ್‌ಗಾಗಿ ಯೋಜಿಸಿದ್ದ ಹೊಸ ರನ್‌ವೇ ಉದ್ಘಾಟನೆಯಾದದ್ದು ಆ ಡಿಸೆಂಬರ್‌ನಲ್ಲಿಯೇ. ಎಂಟು ವರ್ಷಗಳ ನಂತರ, 2013ರಲ್ಲಿ, ಪ್ರಯಾಣಿಕರ ಸಂಖ್ಯೆ 57 ಲಕ್ಷಕ್ಕೆ ಇಳಿದಿತ್ತು.

ಸೇವೆಯ ಗುಣಮಟ್ಟವನ್ನು ಅಳೆಯುವಾಗ ವಿಮಾನಯಾನ ಕಂಪನಿಗಳು ಮುಂದಿಡುವ ಮೊದಲ ಅಂಕಿ ದಿನಕ್ಕೆ ಎಷ್ಟು ವಿಮಾನ ಎಂಬುದು. ಅದನ್ನು ಎಚ್ಚರದಿಂದ ಓದಬೇಕು. ಒಂದು ಊರಿಗೆ ದಿನಕ್ಕೆರಡು ಬಾರಿ 142 ಸೀಟಿನ ಎಂಡಿ-88 ಹೋಗುತ್ತಿತ್ತು ಎಂದಿಟ್ಟುಕೊಳ್ಳೋಣ. ಒಟ್ಟು 284 ಸೀಟು. ಅದನ್ನು ತೆಗೆದು ಐವತ್ತು ಸೀಟಿನ ಜೆಟ್ಟನ್ನು ದಿನಕ್ಕೆ ನಾಲ್ಕು ಬಾರಿ ಬಿಟ್ಟರೆ ಸೀಟುಗಳು 200ಕ್ಕೆ ಇಳಿಯುತ್ತವೆ, ವಿಮಾನಗಳ ಸಂಖ್ಯೆ ಮಾತ್ರ ಇಮ್ಮಡಿಯಾಗುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಮರಳುವ ಕಚೇರಿ ಪ್ರಯಾಣಿಕರಿಗೆ ಇದರಿಂದ ಅನುಕೂಲವಾಗುವುದು ನಿಜ. ಸಭೆ ಬೇಗ ಮುಗಿದರೆ ಮುಂದಿನ ವಿಮಾನಕ್ಕೆ ಆರು ಗಂಟೆ ಕಾಯಬೇಕಿಲ್ಲ. ಆದರೆ ನಾಲ್ಕು ಜನರ ಕುಟುಂಬವೊಂದು ಬೇಸಿಗೆ ರಜೆಗೆ ಟಿಕೆಟ್ ಹುಡುಕಿದಾಗ ಕಡಿಮೆ ದರದ ಸೀಟುಗಳು ಆಗಲೇ ಮುಗಿದಿರುತ್ತವೆ, ಏಕೆಂದರೆ ಐವತ್ತರಲ್ಲಿ ಅಂಥ ಸೀಟುಗಳಿಗೆ ಮೀಸಲಾಗುವುದೇ ಕೆಲವು. ಒಂದು ವಿಮಾನ ರದ್ದಾದರೆ ಅದರಲ್ಲಿದ್ದವರನ್ನು ಮುಂದಿನದಕ್ಕೆ ಹತ್ತಿಸಲು ಅಲ್ಲಿ ಖಾಲಿ ಸೀಟು ಇರುವುದಿಲ್ಲ.

ಇದಕ್ಕಿಂತ ಆಳವಾದ ಪೆಟ್ಟು ಬೀಳುವುದು ಹಬ್‌ನ ಒಳಲೆಕ್ಕಕ್ಕೆ. ಒಂದು ಸುತ್ತಿನಲ್ಲಿ ಮೂವತ್ತು ಊರುಗಳಿಂದ ವಿಮಾನ ಬಂದು ಮೂವತ್ತು ಊರುಗಳಿಗೆ ಹೊರಟರೆ ಸುಮಾರು 900 ಜೋಡಿ ಊರುಗಳ ನಡುವೆ ಸಂಪರ್ಕ ಏರ್ಪಡುತ್ತದೆ. ಊರುಗಳು ಹದಿನೈದಕ್ಕೆ ಇಳಿದರೆ ಜೋಡಿಗಳು 450 ಆಗುವುದಿಲ್ಲ, 225 ಆಗುತ್ತವೆ. ವಿಮಾನ ಸಣ್ಣದಾದಾಗ ಅದರಲ್ಲಿ ಸಂಪರ್ಕ ಪ್ರಯಾಣಿಕರಿಗೆ ಉಳಿಯುವ ಸೀಟು ಕಡಿಮೆಯಾಗುತ್ತದೆ. ಅವರು ಬಾರದಿದ್ದರೆ ಮುಂದಿನ ಊರಿನ ವಿಮಾನ ತುಂಬುವುದಿಲ್ಲ. ಅದು ತುಂಬದಿದ್ದರೆ ಆ ಊರು ಪಟ್ಟಿಯಿಂದ ಹೋಗುತ್ತದೆ. ಒಂದು ಊರು ಹೋದರೆ ಉಳಿದ ಎಲ್ಲ ಊರುಗಳ ವಿಮಾನಗಳಿಂದಲೂ ಕೆಲವು ಪ್ರಯಾಣಿಕರು ಕಳೆದುಹೋಗುತ್ತಾರೆ. ಹೀಗೆ ಒಂದು ಕಡಿತ ತಾನೇ ಮುಂದಿನ ಕಡಿತಕ್ಕೆ ಕಾರಣವಾಗುತ್ತ ಹೋಗುತ್ತದೆ. ಕೊನೆಗೆ ಉಳಿಯುವವರು ಸ್ಥಳೀಯರು, ಅದರಲ್ಲಿಯೂ ಕಂಪನಿಯ ಖರ್ಚಿನಲ್ಲಿ ಹೋಗುವವರು. ಹಾಗಾಗಿಯೇ ಈ ಹಬ್ ಕುಗ್ಗುತ್ತಿದ್ದ ವರ್ಷಗಳಲ್ಲಿ ಅಮೆರಿಕದ ಸಾರಿಗೆ ಇಲಾಖೆಯ ಅಂಕಿಅಂಶಗಳಲ್ಲಿ ಸಿನ್ಸಿನಾಟಿಯ ಸರಾಸರಿ ದೇಶೀಯ ಟಿಕೆಟ್ ದರ ಇಡೀ ದೇಶದಲ್ಲೇ ಅತ್ಯಧಿಕವೆಂದು ಹಲವು ಬಾರಿ ದಾಖಲಾಯಿತು. ಸಾಮಾನ್ಯ ಜನರು ಕಾರಿನಲ್ಲಿ ಡೇಟನ್‌ಗೋ ಲೂಯಿವಿಲ್‌ಗೋ ಇಂಡಿಯಾನಾಪೊಲಿಸ್‌ಗೋ ಹೋಗಿ ವಿಮಾನ ಹತ್ತುವುದು ರೂಢಿಯಾಯಿತು. ಮನೆಯ ಬಳಿಯಲ್ಲಿಯೇ ಮೂರು ಸಮಾನಾಂತರ ರನ್‌ವೇಗಳ ನಿಲ್ದಾಣವನ್ನಿಟ್ಟುಕೊಂಡು ಎರಡು ಗಂಟೆ ಕಾರು ಓಡಿಸಬೇಕಾಗಿ ಬಂದದ್ದು ಈ ಸೇವೆಯ ವಿರುದ್ಧ ಹೇಳಬಹುದಾದ ಅತ್ಯಂತ ಗಟ್ಟಿಯಾದ ಮಾತು ಎಂದು ನಾನು ಭಾವಿಸುತ್ತೇನೆ.

ಇನ್ನು ವಿಮಾನದ ಒಳಗಿನ ಅನುಭವ. ಸಿಆರ್‌ಜೆ-200ರ ಒಡಲು ಚಾಲೆಂಜರ್ ಎಂಬ ಖಾಸಗಿ ಬಿಸಿನೆಸ್ ಜೆಟ್‌ನಿಂದ ಬಂದದ್ದು. ಎಂಟೊಂಬತ್ತು ಜನ ಕೂರುವ ವಿಮಾನದ ಕೊಳವೆಯನ್ನು ಉದ್ದ ಮಾಡಿ ಐವತ್ತು ಜನರನ್ನು ಕೂರಿಸಿದ್ದರ ಗುರುತು ಎಲ್ಲೆಡೆ ಕಾಣುತ್ತದೆ. ನಡುದಾರಿಯಲ್ಲಿ ಛಾವಣಿಯ ಎತ್ತರ 1.85 ಮೀಟರ್, ಆರಡಿ ದಾಟಿದವರು ತಲೆ ತಗ್ಗಿಸಿಯೇ ನಡೆಯಬೇಕು. ಕಿಟಕಿಗಳು ಭುಜದ ಮಟ್ಟದಲ್ಲಿವೆ, ಹೊರಗೆ ನೋಡಬೇಕೆಂದರೆ ಕುತ್ತಿಗೆ ಬಾಗಿಸಬೇಕು. ಎರಡು ಗಂಟೆ ಹಾಗೆ ಕುಳಿತವರಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ. ಗೋಡೆ ಒಳಕ್ಕೆ ಬಾಗಿರುವುದರಿಂದ ಕಿಟಕಿ ಪಕ್ಕದವರ ಭುಜಕ್ಕೂ ಪಾದಕ್ಕೂ ಜಾಗ ಸಾಲದು. ಶೌಚಾಲಯ ಒಂದೇ. ಗಗನಸಖಿಯೂ ಒಬ್ಬರೇ, ಏಕೆಂದರೆ ಅಮೆರಿಕದ ನಿಯಮದಂತೆ ಐವತ್ತು ಸೀಟುಗಳವರೆಗೆ ಒಬ್ಬ ಸಿಬ್ಬಂದಿ ಸಾಕು. ಈ ವರ್ಗದ ವಿಮಾನಗಳು ಐವತ್ತಕ್ಕೇ ನಿಲ್ಲಲು ಇದೂ ಒಂದು ಕಾರಣ. ಆ ಒಬ್ಬರೇ ಸುರಕ್ಷತಾ ಸೂಚನೆ ಕೊಟ್ಟು, ಪಾನೀಯ ಹಂಚಿ, ಅಳುವ ಮಗುವಿನ ತಾಯಿಗೆ ನೆರವಾಗಿ, ಇಳಿಯುವ ಮೊದಲು ಎಲ್ಲವನ್ನೂ ಮತ್ತೆ ಸರಿಪಡಿಸಿಕೊಳ್ಳುವುದನ್ನು ನೋಡಿದಾಗ ಅವರ ಬಗ್ಗೆ ಗೌರವ ಹೆಚ್ಚುತ್ತದೆ. ಅದೇ ಊರಿಗೆ ಎಂಡಿ-88 ಅಥವಾ ಬೋಯಿಂಗ್ 757ರಲ್ಲಿ ಹೋಗಿ ಅಭ್ಯಾಸವಿದ್ದವರಿಗೆ, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ದರಕ್ಕೆ ಈ ಕ್ಯಾಬಿನ್ ದೊರೆತರೆ ಅದನ್ನು ಸಮಾನ ಸೇವೆ ಎಂದು ಒಪ್ಪುವುದು ಕಷ್ಟ.

ಹೆಮ್ಮೆಯಿಂದ ಹೇಳಬಹುದಾದದ್ದು ಎಂಜಿನ್. ಹಿಂಬದಿಯಲ್ಲಿರುವ ಎರಡು ಸಿಎಫ್34 ಎಂಜಿನ್‌ಗಳು ಜನರಲ್ ಎಲೆಕ್ಟ್ರಿಕ್‌ನವು, ಅವುಗಳನ್ನು ರೂಪಿಸಿದ ಸಂಸ್ಥೆಯ ಮುಖ್ಯ ಕಚೇರಿ ಸಿನ್ಸಿನಾಟಿಯ ಪಕ್ಕದ ಇವೆಂಡೇಲ್‌ನಲ್ಲಿದೆ; ಅದೇ ಸಂಸ್ಥೆಯ ದೊಡ್ಡ ತಂತ್ರಜ್ಞಾನ ಕೇಂದ್ರ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿದೆ. ನಂಬಿಕೆಗೆ ಅರ್ಹವಾದ ಎಂಜಿನ್ ಅದು.

ನಮ್ಮವರಿಗೆ ಹೆಚ್ಚು ತಟ್ಟುವ ವಿಷಯ ಸಾಮಾನು. ಚಕ್ರದ ಕೈಪೆಟ್ಟಿಗೆ ಈ ವಿಮಾನದ ತಲೆಮೇಲಿನ ಕಪಾಟಿನಲ್ಲಿ ಹಿಡಿಸುವುದಿಲ್ಲ. ಗೇಟಿನಲ್ಲಿ ಅದಕ್ಕೊಂದು ಚೀಟಿ ಕಟ್ಟಿಸಿ, ವಿಮಾನದ ಬಾಗಿಲ ಬಳಿ ಬಿಟ್ಟು, ಇಳಿದ ನಂತರ ಏರೋಬ್ರಿಡ್ಜ್‌ನಲ್ಲಿ ನಿಂತು ಮರಳಿ ಪಡೆಯಬೇಕು. ಸಂಪರ್ಕ ವಿಮಾನಕ್ಕೆ ನಲವತ್ತು ನಿಮಿಷವಷ್ಟೇ ಇರುವಾಗ ಆ ಕಾಯುವಿಕೆಯ ಹತ್ತು ನಿಮಿಷ ತುಂಬ ದುಬಾರಿಯಾಗುತ್ತದೆ. ಊರಿನಿಂದ ಬರುವ ತಂದೆತಾಯಿಯರ ಮಟ್ಟಿಗೆ ಇದು ಇನ್ನಷ್ಟು ಗಂಭೀರ. ಇಪ್ಪತ್ತು ಗಂಟೆ ಪ್ರಯಾಣ ಮಾಡಿ ದಣಿದ ಅರವತ್ತೈದು ವರ್ಷದ ತಾಯಿಯ ಕೈಯಿಂದ, ಇಂಗ್ಲಿಷಿನಲ್ಲಿ ಅವಸರದಿಂದ ಏನನ್ನೋ ಹೇಳಿ, ಔಷಧಿಯೂ ಕಾಗದಪತ್ರಗಳೂ ಇರುವ ಪೆಟ್ಟಿಗೆಯನ್ನು ತೆಗೆದುಕೊಂಡರೆ ಅವರಿಗೆ ಆಗುವ ಗಾಬರಿಯನ್ನು ಯಾವ ಕಂಪನಿಯೂ ತನ್ನ ಲೆಕ್ಕದಲ್ಲಿ ಸೇರಿಸುವುದಿಲ್ಲ. ಕೊಮೇರ್‌ನ ಸಣ್ಣ ಜೆಟ್‌ಗಳಿಗೆಂದೇ 1994ರಲ್ಲಿ ಕಟ್ಟಿದ್ದ ಸಿ ಕಾನ್‌ಕೋರ್ಸ್ ಎಂಬ ಗೇಟುಗಳ ಕಟ್ಟಡಕ್ಕೆ ಹೋಗಲು ಬಸ್ ಹಿಡಿಯಬೇಕಾಗಿತ್ತು. ಉಳಿದ ಕಡೆಗೆ ನೆಲದಡಿಯ ರೈಲಿನಲ್ಲಿ ಸುಲಭವಾಗಿ ತಲುಪಬಹುದಾದ ನಿಲ್ದಾಣದಲ್ಲಿ ಸಣ್ಣ ಜೆಟ್‌ನ ಪ್ರಯಾಣಿಕರಿಗೆ ಮಾತ್ರ ಹೆಚ್ಚಿನ ಓಡಾಟ ತಪ್ಪಲಿಲ್ಲ. 2009ರ ಆರಂಭದಲ್ಲಿ ಆ ಕಟ್ಟಡವನ್ನೇ ಮುಚ್ಚಲಾಯಿತು, ನಂತರ ಕೆಡವಲಾಯಿತು.

ಹವಾಮಾನ ಕೆಟ್ಟಾಗ ಈ ವ್ಯವಸ್ಥೆಯ ದೌರ್ಬಲ್ಯ ಎದ್ದು ಕಾಣುತ್ತದೆ. ನಿಲ್ದಾಣವೊಂದು ಗಂಟೆಗೆ ಇಳಿಸಿಕೊಳ್ಳಬಲ್ಲ ವಿಮಾನಗಳ ಸಂಖ್ಯೆ ಮಂಜು ಮುಸುಕಿದಾಗ ಇಳಿಯುತ್ತದೆ. ಆಗ ಯಾವುದನ್ನಾದರೂ ಬಿಡಲೇಬೇಕೆಂದರೆ ಕಂಪನಿ ಮೊದಲು ಕೈಬಿಡುವುದು ಐವತ್ತು ಜನರ ವಿಮಾನವನ್ನು, ನೂರೈವತ್ತು ಜನರದ್ದನ್ನಲ್ಲ. ಅವರ ದೃಷ್ಟಿಯಿಂದ ಇದು ಸರಿಯಾದ ಲೆಕ್ಕ. ಆದರೆ ಒಂದು ಊರಿಗೆ ಐವತ್ತು ಸೀಟಿನ ವಿಮಾನಗಳು ಮಾತ್ರ ಉಳಿದಿದ್ದರೆ ಆ ಊರಿನವರ ಸರದಿ ಪ್ರತಿ ಸಲವೂ ಕೊನೆಯದಾಗುತ್ತದೆ. 2004ರ ಕ್ರಿಸ್‌ಮಸ್ ವೇಳೆ ಒಹಾಯೊ ಕಣಿವೆಯಲ್ಲಿ ಭಾರಿ ಹಿಮ ಬಿದ್ದಾಗ ಕೊಮೇರ್ ತನ್ನ ಸಿಬ್ಬಂದಿಯ ವೇಳಾಪಟ್ಟಿಯನ್ನು ಮೇಲಿಂದ ಮೇಲೆ ತಿದ್ದಬೇಕಾಯಿತು. ಆ ಹಳೆಯ ಸಾಫ್ಟ್‌ವೇರ್ ಒಂದು ತಿಂಗಳಲ್ಲಿ 32,768 ಬದಲಾವಣೆಗಳನ್ನಷ್ಟೇ ತಾಳಿಕೊಳ್ಳಬಲ್ಲದಾಗಿತ್ತು. ಆ ಮಿತಿ ಮುಟ್ಟಿದೊಡನೆ ವ್ಯವಸ್ಥೆ ನಿಂತುಹೋಯಿತು, ಡಿಸೆಂಬರ್ 25ರಂದು ಕಂಪನಿಯ ಸುಮಾರು 1,100 ವಿಮಾನಗಳೂ ರದ್ದಾದವು. ನಮ್ಮಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಆ ಸಂಖ್ಯೆ ಹದಿನಾರು ಬಿಟ್‌ಗಳ ಮಿತಿ ಎಂಬುದು ಕೂಡಲೇ ತಿಳಿಯುತ್ತದೆ. ಅದೇ ಪ್ರಯಾಣಿಕರನ್ನು ಮೂರು ಪಟ್ಟು ಹೆಚ್ಚು ಹಾರಾಟಗಳಲ್ಲಿ ಹೊತ್ತೊಯ್ದರೆ ಪೈಲಟ್‌ಗಳು, ಗೇಟುಗಳು, ತಿದ್ದುಪಡಿಗಳು ಎಲ್ಲವೂ ಹೆಚ್ಚುತ್ತವೆ, ಕೆಡಬಹುದಾದ ಕೊಂಡಿಗಳೂ ಹೆಚ್ಚುತ್ತವೆ.

ಕಂಪನಿ ಹೀಗೇಕೆ ಮಾಡಿತು ಎಂಬುದಕ್ಕೂ ನ್ಯಾಯವಾದ ಉತ್ತರ ಕೊಡಬೇಕು. 2001ರ ನಂತರ ಪ್ರಯಾಣಿಕರು ಕಡಿಮೆಯಾದರು, ದೊಡ್ಡ ವಿಮಾನಗಳ ಪೈಲಟ್‌ಗಳ ವೇತನ ದುಬಾರಿಯಾಗಿತ್ತು, ಸಣ್ಣ ಕಂಪನಿಗಳ ವೇತನ ಬಹಳ ಕಡಿಮೆಯಿತ್ತು. ಒಂದು ಹಾರಾಟದ ಒಟ್ಟು ಖರ್ಚು ನೋಡಿದರೆ ಸಣ್ಣ ಜೆಟ್ ಅಗ್ಗ. ಸೀಟಿಗೆ ತಗಲುವ ಖರ್ಚು ನೋಡಿದರೆ ಅದೇ ದುಬಾರಿ, ಮತ್ತು ಈ ಸತ್ಯವನ್ನು ಇಂಧನದ ಬೆಲೆ ಹೊರಗೆಳೆಯಿತು. 2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರೆಲಿಗೆ 140 ಡಾಲರ್ ದಾಟಿದಾಗ ಐವತ್ತು ಸೀಟಿನ ವಿಮಾನದ ಆಧಾರವೇ ಕುಸಿಯಿತು. ಅದೇ ಅಕ್ಟೋಬರ್‌ನಲ್ಲಿ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಒಂದಾದವು. ನಾರ್ತ್‌ವೆಸ್ಟ್‌ನ ಡೆಟ್ರಾಯಿಟ್ ಹಬ್ ಸಿನ್ಸಿನಾಟಿಗೆ ಹತ್ತಿರವಿತ್ತು, ಅದಕ್ಕೆ ತನ್ನದೇ ಆದ ದೊಡ್ಡ ಸ್ಥಳೀಯ ಮಾರುಕಟ್ಟೆಯಿತ್ತು. ಎರಡನ್ನೂ ನಡೆಸುವ ಅಗತ್ಯ ಹೊಸ ಕಂಪನಿಗೆ ಕಾಣಲಿಲ್ಲ. ನಾರ್ತ್‌ವೆಸ್ಟ್‌ನಿಂದಲೇ ಬಂದ ಮೆಂಫಿಸ್ ಹಬ್ ಕೂಡ ಇದೇ ದಾರಿ ಹಿಡಿದು 2013ರಲ್ಲಿ ಮುಗಿಯಿತು. 2012ರಲ್ಲಿ ಡೆಲ್ಟಾ ತನ್ನ ಪೈಲಟ್‌ಗಳೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಐವತ್ತು ಸೀಟಿನ ವಿಮಾನಗಳನ್ನು 125ಕ್ಕೆ ಇಳಿಸಿ, 76 ಸೀಟಿನವುಗಳನ್ನು ಹೆಚ್ಚಿಸಲು ಅವಕಾಶವಾಯಿತು. ಅದರ ಜೊತೆಗೆ 88 ಬೋಯಿಂಗ್ 717 ವಿಮಾನಗಳನ್ನೂ ತರಲಾಯಿತು. ಆ ವರ್ಷದ ಸೆಪ್ಟೆಂಬರ್ 29ರಂದು ಕೊಮೇರ್ ತನ್ನ ಕೊನೆಯ ಹಾರಾಟ ಮುಗಿಸಿತು. ಸಣ್ಣ ಜೆಟ್ಟನ್ನು ಅಮೆರಿಕಕ್ಕೆ ತಂದ ಕಂಪನಿಗೆ ಅದೇ ವಿಮಾನದ ಲೆಕ್ಕಾಚಾರ ಮುಳುವಾಯಿತು. ಸಾವಿರಾರು ಕುಟುಂಬಗಳು ಕೆಂಟಕಿಯ ಈ ಭಾಗದಲ್ಲಿ ಅದನ್ನೇ ನಂಬಿಕೊಂಡಿದ್ದವು ಎಂಬುದನ್ನು ಮರೆಯಬಾರದು.

ಸಣ್ಣ ಜೆಟ್ ಎಂದರೆ ಎಲ್ಲಿಯೂ ಇಳಿಕೆಯೇ ಎಂದು ಯಾರೂ ತಿಳಿಯಬಾರದು. 2019ರ ಜನವರಿಯಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿಯ ನಡುವೆ ಸ್ಟಾರ್ ಏರ್ ಐವತ್ತು ಸೀಟಿನ ಎಂಬ್ರೇರ್ 145 ವಿಮಾನದೊಂದಿಗೆ ಸೇವೆ ಆರಂಭಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ಅಲ್ಲಿ ಇಳಿದದ್ದೂ ಅಂಥದೇ ವಿಮಾನ. ಕಲಬುರಗಿಯವರಿಗೆ ಅದು ಇಡೀ ರಾತ್ರಿಯ ರೈಲು ಪ್ರಯಾಣದ ಬದಲಿಗೆ ಬಂದದ್ದು. ಅಲ್ಲಿ ಯಾರೂ ಅದನ್ನು ಬೋಯಿಂಗ್ 757ರೊಂದಿಗೆ ಹೋಲಿಸಬೇಕಾಗಿರಲಿಲ್ಲ. ಕೊಮೇರ್ 1993ರಲ್ಲಿ ಮಾಡಿದ್ದೂ ಇಂಥದೇ ಕೆಲಸ. ಸಿನ್ಸಿನಾಟಿಯ ದೂರು ಇರುವುದು ದೊಡ್ಡ ಜೆಟ್‌ಗಳ ಜಾಗಕ್ಕೆ ಸಣ್ಣವು ಬಂದ ನಂತರದ ವರ್ಷಗಳ ಬಗ್ಗೆ.

ಈಗಿನ ಪರಿಸ್ಥಿತಿ ಎಷ್ಟೋ ಮೇಲು. ಹಬ್ ಹೋದ ಮೇಲೆ ಬಿಡುವಾದ ಗೇಟುಗಳಿಗೆ 2013ರಿಂದ ಫ್ರಾಂಟಿಯರ್, ಅಲೀಜಿಯಂಟ್, ಸೌತ್‌ವೆಸ್ಟ್ ಒಂದರ ಹಿಂದೆ ಒಂದು ಬಂದವು, ದರ ಇಳಿಯಿತು, 2019ರಲ್ಲಿ ಪ್ರಯಾಣಿಕರ ಸಂಖ್ಯೆ ಮತ್ತೆ 91 ಲಕ್ಷ ಮುಟ್ಟಿತು. ಖಾಲಿಯಾಗಿದ್ದ ರನ್‌ವೇಗಳನ್ನು ಡಿಎಚ್‌ಎಲ್ ಮತ್ತು ಅಮೆಜಾನ್‌ನ ಸರಕು ವಿಮಾನಗಳು ತುಂಬಿವೆ. ಐವತ್ತು ಸೀಟಿನ ಸಿಆರ್‌ಜೆಗಳನ್ನು ಕೈಬಿಡುವುದಾಗಿ ಡೆಲ್ಟಾ 2020ರಲ್ಲಿ ಪ್ರಕಟಿಸಿತು. ಈಗ ಸಣ್ಣ ಜೆಟ್ ಎಂದರೆ ಹೆಚ್ಚಾಗಿ 76 ಸೀಟಿನ ಸಿಆರ್‌ಜೆ-900 ಅಥವಾ ಎಂಬ್ರೇರ್ 175. ಎರಡರಲ್ಲಿ ಆಯ್ಕೆಯಿದ್ದರೆ ನಾನು ಎಂಬ್ರೇರನ್ನೇ ಶಿಫಾರಸು ಮಾಡುತ್ತೇನೆ: ನೇರವಾಗಿ ನಿಂತು ನಡೆಯಬಹುದು, ಕಿಟಕಿ ಕಣ್ಣಿನ ಮಟ್ಟದಲ್ಲಿದೆ, ಎರಡೆರಡು ಸೀಟಿನ ಸಾಲಾದ್ದರಿಂದ ನಡುವಿನ ಸೀಟಿನ ಕಾಟವಿಲ್ಲ, ಚಕ್ರದ ಪೆಟ್ಟಿಗೆಯೂ ಮೇಲೆ ಹಿಡಿಸುತ್ತದೆ. ಟಿಕೆಟ್ ಕೊಳ್ಳುವಾಗ ವಿಮಾನದ ಮಾದರಿ ಅಲ್ಲಿಯೇ ನಮೂದಾಗಿರುತ್ತದೆ, ಅದನ್ನು ಓದಿಯೇ ಹಣ ಕಟ್ಟುವುದು ಒಳ್ಳೆಯದು.

ಬೆಂಗಳೂರಿಗೆ ಹೋಗಿಬರುವವರಿಗೆ, ವಿಶೇಷವಾಗಿ ಹಿರಿಯರನ್ನು ಕರೆಸಿಕೊಳ್ಳುವವರಿಗೆ, ಸಣ್ಣ ಜೆಟ್ಟನ್ನು ಪೂರ್ತಿಯಾಗಿ ತಪ್ಪಿಸುವ ಎರಡು ದಾರಿಗಳಿವೆ. ಹಬ್ ಕುಗ್ಗಿದಾಗಲೂ ಉಳಿದುಕೊಂಡು, ಸಾಂಕ್ರಾಮಿಕದ ಕಾಲದಲ್ಲಿ ನಿಂತು ಮತ್ತೆ ಆರಂಭವಾದ ಡೆಲ್ಟಾದ ಪ್ಯಾರಿಸ್ ವಿಮಾನ ಒಂದು. ಅಲ್ಲಿಂದ ಏರ್ ಫ್ರಾನ್ಸ್ ಬೆಂಗಳೂರಿಗೆ ಹೋಗುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಬ್ರಿಟಿಷ್ ಏರ್‌ವೇಸ್‌ನ ಲಂಡನ್ ವಿಮಾನ ಇನ್ನೊಂದು; ಹೀಥ್ರೋದಿಂದಲೂ ಬೆಂಗಳೂರಿಗೆ ಅದೇ ಕಂಪನಿಯ ವಿಮಾನವಿದೆ. ವಾರದ ಎಲ್ಲ ದಿನವೂ ಹೊರಡುವುದೇ ಎಂಬುದನ್ನು ಋತುವಿಗೆ ತಕ್ಕಂತೆ ನೋಡಿಕೊಳ್ಳಬೇಕು. ನ್ಯೂಯಾರ್ಕಿನಲ್ಲೋ ಅಟ್ಲಾಂಟಾದಲ್ಲೋ ಬದಲಾಗಲೇಬೇಕಿದ್ದರೆ ಔಷಧಿ, ಪಾಸ್‌ಪೋರ್ಟ್, ಕನ್ನಡಕ, ಫೋನ್ ಚಾರ್ಜರ್ ಇವುಗಳನ್ನು ಪೆಟ್ಟಿಗೆಯಲ್ಲಿಡದೆ ಹೆಗಲಚೀಲದಲ್ಲಿ ಇಟ್ಟುಕೊಳ್ಳುವಂತೆ ಅವರಿಗೆ ಮೊದಲೇ ಹೇಳಿರಬೇಕು, ಸಂಪರ್ಕಕ್ಕೆ ಕನಿಷ್ಠ ಎರಡು ಗಂಟೆ ಇರುವ ಟಿಕೆಟ್ಟನ್ನೇ ಕೊಳ್ಳಬೇಕು. ಐವತ್ತು ಸೀಟಿನ ಕಾಲದ ಸೇವೆಗೆ ಐದರಲ್ಲಿ ಎರಡು ಅಂಕಕ್ಕಿಂತ ಹೆಚ್ಚು ಕೊಡಲು ನನ್ನಿಂದಾಗದು. ಇಂದಿನ 76 ಸೀಟಿನ ಸೇವೆಗೆ, ದರದ ಪೈಪೋಟಿ ಹೀಗೆಯೇ ಇರುವವರೆಗೆ, ಮೂರೂವರೆ ಕೊಡಬಹುದು.